ತಿರುಗಿಸಿದರೂ ನಿಲ್ಲದ ಚಕ್ರ

ಬೆಂಡೆಕಾಯಿಯನ್ನು ನೇರವಾಗಿ ಅಡ್ಡಕ್ಕೆ ಹೆಚ್ಚುವ ಹಾಗಿರಲಿಲ್ಲ. ಮೊದಲು ಉದ್ದಕ್ಕೆ ಸೀಳಿ, ಬೆಳಕಿಗೆ ಹಿಡಿದು, ಒಳಗೆ ಹುಳವಿದ್ದರೆ ಕಾಯಿಯ ಸಮೇತ ಹಿತ್ತಲಿನ ನೆರಳಿಗೆ ಒಯ್ದು ಇಟ್ಟು, ಆಮೇಲೆ ಮುಂದಿನದಕ್ಕೆ ಕೈಹಾಕಬೇಕು. ಕಾಂಚನಮಾಲಾ ಈಳಿಗೆಮಣೆಯ ಮೇಲೆ ಒಂದು ಕಾಲು ಮಡಿಸಿ ಕೂತು ಸೀಳುತ್ತಿದ್ದಳು. ಬಾವಿಕಟ್ಟೆಯಲ್ಲಿ ಅಮ್ಮ ನೀರು ಸೋಸಿದ ಬಟ್ಟೆಯನ್ನು ಬಿಂದಿಗೆಗೆ ಜಾಲಿಸಿ, ಬಿಂದಿಗೆಯನ್ನು ಹಗ್ಗದಲ್ಲಿ ನೀರು ಮುಟ್ಟುವವರೆಗೂ ಇಳಿಸಿ, ಮೆಲ್ಲಗೆ ಬಗ್ಗಿಸುತ್ತಿದ್ದಳು. ಮೇಲಿನಿಂದ ಸುರಿದರೆ ಕಣ್ಣಿಗೆ ಕಾಣದ ಆ ಜೀವಗಳಿಗೆ ಪೆಟ್ಟಾಗುತ್ತದೆ. ಗೋಡೆಗೆ ಒರಗಿ ಕೂತಿದ್ದ ಅಕ್ಕ, ರಾಜಮತಿ, ಎಡಗೈಯಲ್ಲಿ ಅಕ್ಕಿಯ ಕಲ್ಲು ಆರಿಸುತ್ತಿದ್ದಳು. ಬಲಗೈ ಭುಜದ ಮೇಲಕ್ಕೆ ಏಳುತ್ತಿರಲಿಲ್ಲ. ಕುತ್ತಿಗೆಯ ಬುಡದ ಮೂಳೆ ಸೆರಗಿನ ಒಳಗಿಂದ ಗಂಟಿನಂತೆ ಉಬ್ಬಿ ಕಾಣುತ್ತಿತ್ತು. ಆ ಗಂಟನ್ನು ನೋಡಬಾರದೆಂದು ಕಾಂಚನ ಬೆಂಡೆಕಾಯಿ ನೋಡಿದಳು, ಬೆಂಡೆಕಾಯಿಯ ಒಳಗೆ ಹಸಿರು ಹುಳವೊಂದು ತಲೆಯೆತ್ತಿ ಅತ್ತಿತ್ತ ಆಡಿಸುತ್ತಿತ್ತು, ಈಳಿಗೆಯ ಅಲಗು ಅದರಿಂದ ಕೂದಲೆಳೆಯಷ್ಟು ದೂರದಲ್ಲಿ ನಿಂತಿತ್ತು. ಬದುಕಿತು, ಎಂದುಕೊಂಡಳು. ತನ್ನ ಕೈ ಇಷ್ಟು ಹದವಾಗಿ ನಿಲ್ಲಲು ಎಲ್ಲಿ ಕಲಿಯಿತೆಂಬುದು ನೆನಪಾಗಿ, ಆ ಕಾಯಿಯನ್ನು ಬೇಗ ಹಿತ್ತಲಿನ ನೆರಳಿಗೆ ಒಯ್ದಿಟ್ಟು ಬಂದಳು.

ಇವತ್ತು ಕ್ಷಮಾವಣಿ. ದಶಲಕ್ಷಣ ಪರ್ವ ನಿನ್ನೆಗೆ ಮುಗಿದಿತ್ತು. ವರ್ಷವೆಲ್ಲ ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ಒಬ್ಬರಿಗೊಬ್ಬರು ಕೈಮುಗಿದು ಕ್ಷಮೆ ಕೇಳುವ ದಿನ. ಕೇಳಿದವರಿಗೆ ಇಲ್ಲ ಎನ್ನುವ ಪದ್ಧತಿಯೇ ಇಲ್ಲ, ಇಲ್ಲ ಎಂದವರನ್ನು ಹಳೇಬೀಡಿನಲ್ಲಿ ಯಾರೂ ಕಂಡಿರಲಿಲ್ಲ. ಅದು ಗೊತ್ತಿದ್ದೇ ಭಾವ ವಿಮಲನಾಥ ಇವತ್ತಿನ ದಿನವನ್ನು ಆರಿಸಿಕೊಂಡಿದ್ದ. ಅರಸೀಕೆರೆಯಿಂದ ಜಾವಗಲ್ ಮೇಲೆ ಬರುವ ಬಸ್ಸಿನಲ್ಲಿ ಬಂದು, ಕೈಮುಗಿದು, ಊಟ ಮಾಡಿ, ಮಧ್ಯಾಹ್ನದ ಬಸ್ಸಿಗೆ ಅಕ್ಕನನ್ನು ಕರೆದುಕೊಂಡು ಹೋಗುತ್ತಾನೆ. ಈ ಸಲ ಹೋದರೆ ಅಕ್ಕ ತಿರುಗಿ ಬರುವುದಿಲ್ಲ. ಇದು ಕಾಂಚನಳಿಗೆ ತನ್ನ ನಾಲಗೆ ತನ್ನ ಬಾಯಲ್ಲಿರುವಷ್ಟು ಖಚಿತವಾಗಿ ಗೊತ್ತಿತ್ತು. ಆದರೆ ಆ ನಾಲಗೆಯನ್ನು ನಾಲ್ಕು ಜನರ ಎದುರು ಆಡಿಸುವುದು ಹೇಗೆಂದು ಗೊತ್ತಿರಲಿಲ್ಲ.

"ನೀನು ಒಳಗೇ ಇರು," ಅಂದಳು ಅಮ್ಮ, ಒಳಗೆ ಬಂದು ಬಿಂದಿಗೆ ಇಳಿಸುತ್ತ. "ದೊಡ್ಡೋರು ಮಾತಾಡ್ಕೋತಾರೆ. ನಿನ್ನ ಓದು ಬರಹ ಎಲ್ಲ ಮಧ್ಯೆ ತರಬೇಡ."

"ಅಕ್ಕನ್ನ ಕೇಳಿದ್ರಾ?"

"ಏನ್ ಕೇಳೋದು ಅವಳನ್ನ? ಅವಳೇನಾದ್ರೂ ಬೇಡ ಅಂದ್ಳಾ? ಏನೇ ರಾಜಿ, ಬೇಡ ಅಂದ್ಯಾ?"

ಅಕ್ಕ ಅಕ್ಕಿಯಿಂದ ಕಲ್ಲೊಂದನ್ನು ತೆಗೆದು ನೆಲಕ್ಕಿಟ್ಟಳು. "ಇಲ್ಲಮ್ಮ," ಅಂದಳು. ಆ ದನಿಯಲ್ಲಿ ದುಃಖವಿರಲಿಲ್ಲ, ಸಿಟ್ಟೂ ಇರಲಿಲ್ಲ. ಆ ದನಿ ಕಾಂಚನಳಿಗೆ ಪರಿಚಯವಿತ್ತು. ಅದಕ್ಕೆ ದನಿಯೇ ಇರದಿದ್ದಾಗಿನಿಂದ ಪರಿಚಯವಿತ್ತು, ಇಲಿಯ ಬಿಳಿ ತುಪ್ಪಳದ ಒಳಗೆ, ತಾನು ಕೆಲಸ ಮಾಡುವ ಮೈಸೂರಿನ ಪ್ರಯೋಗಾಲಯದ ಕೊನೆಯ ಕೋಣೆಯಲ್ಲಿ.

ಅಲ್ಲಿ ಎರಡು ಪೆಟ್ಟಿಗೆಗಳಿದ್ದವು. ಎರಡರ ತಳಕ್ಕೂ ಕಂಬಿ, ಕಂಬಿಗೆ ಕರೆಂಟು, ಗೋಡೆಗೊಂದು ಪುಟ್ಟ ಚಕ್ರ. ಒಂದು ಪೆಟ್ಟಿಗೆಯ ಇಲಿ ಚಕ್ರ ತಿರುಗಿಸಿದರೆ ಕರೆಂಟು ನಿಲ್ಲುತ್ತದೆ, ಎರಡರಲ್ಲಿಯೂ ನಿಲ್ಲುತ್ತದೆ. ಇನ್ನೊಂದು ಪೆಟ್ಟಿಗೆಯ ಚಕ್ರಕ್ಕೆ ಯಾವ ತಂತಿಯೂ ಇಲ್ಲ. ಆ ಇಲಿ ತಿರುಗಿಸುತ್ತದೆ, ತಿರುಗಿಸುತ್ತದೆ, ಏನೂ ಆಗುವುದಿಲ್ಲ. ಎರಡಕ್ಕೂ ಬೀಳುವ ಹೊಡೆತ ಒಂದೇ ಅಳತೆಯದು. ಆದರೆ ಆಮೇಲೆ ಬಾಲದ ಕೆಳಗೆ ಉರಿಯುವ ದೀಪ ಇಟ್ಟರೆ ಮೊದಲನೆಯದು ತಟ್ಟನೆ ಬಾಲ ಎಳೆದುಕೊಳ್ಳುತ್ತದೆ. ಎರಡನೆಯದು ಎಳೆದುಕೊಳ್ಳುವುದಿಲ್ಲ. ಚರ್ಮ ಸುಡುವ ಮೊದಲು ಪ್ರಯೋಗ ಮಾಡುವವರೇ ದೀಪ ತೆಗೆಯಬೇಕು. ಅದರ ಮಿದುಳು ತನ್ನೊಳಗೇ ಒಂದು ಅಫೀಮನ್ನು ಬಸಿದುಕೊಂಡಿರುತ್ತದೆ. ಇನ್ನು ಏನು ಮಾಡಿಯೂ ಪ್ರಯೋಜನವಿಲ್ಲ ಎಂದು ಮೈಗೆ ಗೊತ್ತಾದ ಮೇಲೆ ಅದು ಸುರಿಯುತ್ತದೆ. ಆ ಅಫೀಮನ್ನು ತಡೆಯುವ ಮದ್ದನ್ನು ಚುಚ್ಚಿದರೆ ನೋವು ಮರಳುತ್ತದೆ, ಇಲಿ ಕಿರುಚುತ್ತದೆ. ಎಂಡಾರ್ಫಿನ್, ಎನ್‌ಕೆಫಾಲಿನ್ ಎಂದು ಅದರ ಬಗೆಗಳಿಗೆ ಹೆಸರಿಟ್ಟು ಆಗಲೇ ಕೆಲವು ವರ್ಷವಾಗಿತ್ತು. ಪ್ರೊಫೆಸರ್ ಗಂಗಾಧರಯ್ಯನವರು ಹಲಗೆಯ ಮೇಲೆ ಉದ್ದನೆಯ ಸರಪಳಿಯೊಂದನ್ನು ಬರೆದು, ಸೀಮೆಸುಣ್ಣದಿಂದ ಅಲ್ಲಲ್ಲಿ ಗೀಟು ಎಳೆದು ತೋರಿಸಿದ್ದರು. ಮಿದುಳು ಮೊದಲು ಮಾಡುವುದು ಈ ಉದ್ದ ಸರಪಳಿಯನ್ನು, ಅದಕ್ಕೆ ಯಾವ ಕೆಲಸವೂ ಇಲ್ಲ. ಅದನ್ನು ಕತ್ತರಿಸುವ ಕಿಣ್ವಗಳಿವೆ. ಒಂದು ಜಾಗದಲ್ಲಿ ಒಂದು ಥರ ಕತ್ತರಿಸುತ್ತವೆ, ಇನ್ನೊಂದು ಜಾಗದಲ್ಲಿ ಅದೇ ಸರಪಳಿಯನ್ನು ಬೇರೆ ಥರ. ಹೆದರಿದಾಗ ಮೈಯನ್ನು ಎಬ್ಬಿಸುವ ಹಾರ್ಮೋನೂ ನೋವನ್ನು ಮಲಗಿಸುವ ತುಣುಕೂ ಒಂದೇ ತಾಯಿಸರಪಳಿಯಿಂದ ಬರುತ್ತವೆ ಕಣಮ್ಮ, ಎಷ್ಟು ಚೆನ್ನಾಗಿದೆ ನೋಡು, ಅಂದಿದ್ದರು ಅವರು. ಅವಳು ಆ ರಾತ್ರಿ ದಿನಚರಿಯಲ್ಲಿ ಚೆನ್ನಾಗಿದೆ ಎಂದು ಬರೆದು, ಹೊಡೆದುಹಾಕಿ, ಮತ್ತೆ ಚೆನ್ನಾಗಿದೆ ಎಂದೇ ಬರೆದಿದ್ದಳು.

ಗಂಡನ ಮನೆ ಬಿಟ್ಟು ಅಕ್ಕ ಬಂದ ಸಂಜೆ ಬಾಗಿಲಲ್ಲೇ ನಿಂತು ಒಂದೇ ಉಸಿರಿಗೆ ಹೇಳಿದ್ದಳು. ಅವರು ತಮ್ಮ ಕೊಬ್ಬರಿ ವ್ಯಾಪಾರದ ಮಂಡಿಯ ಒಳಕೋಣೆಗೆ ಕರೆದರು, ಕೊಬ್ಬರಿ ಚೀಲ ಹೊಲಿಯುವ ಹುರಿಯಲ್ಲಿ ಕೈ ಕಟ್ಟಿದರು, ಹಳೆಯ ತಕ್ಕಡಿಯ ಕಬ್ಬಿಣದ ದಂಡದಲ್ಲಿ ಹೊಡೆದರು, ಹೊರಗೆ ಹಮಾಲಿಗಳು ತೂಕ ಕೂಗುತ್ತಿದ್ದರು, ನಡುವೆ ಎದ್ದುಹೋಗಿ ಕಾಫಿ ಕುಡಿದು ಬಂದು ಮತ್ತೆ ಹೊಡೆದರು. ಇಷ್ಟೆ. ಯಾಕೆ ಎಂದು ಅಪ್ಪ ಕೇಳಿದಾಗ, ಒಂದೊಂದು ಸಲ ಒಂದೊಂದು, ಅಂದಿದ್ದಳು. ಉತ್ತರ ಕೊಟ್ಟು ನೋಡಿದೆ, ಕೊಡದೆ ನೋಡಿದೆ, ಬೇಗ ಎದ್ದು ನೋಡಿದೆ, ಉಪವಾಸ ಮಾಡಿ ನೋಡಿದೆ. ಮರುದಿನದ ಹೊತ್ತಿಗೆ ಆ ಉದ್ದ ವಾಕ್ಯವನ್ನು ಮನೆ ಕತ್ತರಿಸಿಯಾಗಿತ್ತು. ಪಡಸಾಲೆಯಲ್ಲಿ ಅಪ್ಪ ಜಿನಪ್ಪನ ಬಾಯಲ್ಲಿ ಅದು 'ಅವರಿಗೆ ಕೋಪ ಸ್ವಲ್ಪ ಜಾಸ್ತಿ' ಎಂದಾಯಿತು. ಅಡುಗೆಮನೆಯ ಕಿಟಕಿಯಿಂದ ಪಕ್ಕದ ಮನೆಗೆ ದಾಟುವಾಗ 'ಬಚ್ಚಲಲ್ಲಿ ಜಾರಿ ಭುಜ ಉಳುಕಿದೆ' ಎಂದಾಯಿತು. ದೊಡ್ಡಪ್ಪ ಚಂದ್ರರಾಜಯ್ಯನವರು ಬಸದಿಯಿಂದ ಬರುತ್ತ ಅದನ್ನು ಹಿಂದಿನ ಜನ್ಮದ ಕರ್ಮ ಕಳೆಯುವ ದಾರಿ ಎಂದು ತಂದರು. ಹುರಿ, ದಂಡ, ಕಾಫಿ ಎಂಬ ತುಣುಕುಗಳು ಯಾವ ಕೋಣೆಯಲ್ಲೂ ಉಳಿದಿರಲಿಲ್ಲ. ಕಾಂಚನ ಹುಡುಕಿದಳು. ಎನ್‌ಕೆಫಾಲಿನ್ ಕೂಡ ಹಾಗೆಯೇ, ಹೊರಬಿದ್ದ ಕ್ಷಣಗಳಲ್ಲಿ ಕರಗಿಹೋಗುತ್ತದೆ. ಅದಕ್ಕೇ ಪ್ರಯೋಗಾಲಯದಲ್ಲಿ ಇಲಿಯ ತಲೆಯನ್ನು ಅಷ್ಟು ಅವಸರದಲ್ಲಿ ತೆಗೆಯಬೇಕಾಗಿತ್ತು.

ಪರ್ವಕ್ಕೆ ಮುಂಚೆ ಅಪ್ಪ ಅಕ್ಕನನ್ನು ಬೇಲೂರಿನ ಡಾಕ್ಟರ ಹತ್ತಿರ ಕರೆದೊಯ್ದಿದ್ದ. ಕಾಂಚನಳೂ ಹೋಗಿದ್ದಳು. ಡಾಕ್ಟರು ಊದಿದ ಮೂಳೆಯ ಮೇಲೆ ಹೆಬ್ಬೆರಳಿಟ್ಟು ಒತ್ತಿದರು. ಅವರ ಉಗುರು ಬೆಳ್ಳಗಾಯಿತು. "ನೋವಿಲ್ವೇನಮ್ಮಾ?" ಅಂದರು. "ಇಲ್ಲ," ಅಂದಳು ಅಕ್ಕ. ಕಾಂಚನಳ ಕಣ್ಣಲ್ಲಿ ನೀರು ಬಂತು, ಅಕ್ಕನ ಕಣ್ಣಲ್ಲಿ ಬರಲಿಲ್ಲ. ಹಿಂತಿರುಗುವ ಬಸ್ಸಿನಲ್ಲಿ ಅಪ್ಪ ಹಗುರಾಗಿದ್ದ, ಕಿಟಕಿಯ ಪಕ್ಕ ಕೂತು ಶ್ಲೋಕ ಗುನುಗುತ್ತಿದ್ದ, ನೋವಿಲ್ವಂತೆ ಎಂದು ಎರಡು ಸಲ ಹೇಳಿದ. ಪರ್ವದ ಮೊದಲ ದಿನ, ಉತ್ತಮ ಕ್ಷಮೆಯ ದಿನ, ಬಸ್ತಿಹಳ್ಳಿಯ ಬಸದಿಯಲ್ಲಿ ಹೆಂಗಸರು ಅಕ್ಕನ ಸುತ್ತ ನೆರೆದಿದ್ದರು. ಕ್ಷಮೆ ಅಂದ್ರೆ ಹಿಂಗಿರಬೇಕು ನೋಡ್ರೀ, ಒಂದು ಮಾತು ಆಡಲ್ಲ ಗಂಡನ ಮೇಲೆ, ಅನ್ನುತ್ತಿದ್ದರು. ನುಣುಪು ಕಪ್ಪು ಕಂಬದ ಮೈಯಲ್ಲಿ ಅಕ್ಕನ ಮುಖ ಉದ್ದಕ್ಕೆ ಎಳೆದು ಕುತ್ತಿಗೆಯ ಹತ್ತಿರ ತುಂಡಾಗಿ ಕಾಣುತ್ತಿತ್ತು. ಅವರೆಲ್ಲ ತಪ್ಪಾಗಿ ಓದುತ್ತಿದ್ದಾರೆ, ಇದು ಕ್ಷಮೆಯಲ್ಲ, ಇದು ಎರಡನೆಯ ಪೆಟ್ಟಿಗೆ ಎಂದು ಕಾಂಚನ ಕೂಗಬೇಕೆಂದುಕೊಂಡಳು. ಕೂಗದೆ ಅಕ್ಷತೆಯ ಬಟ್ಟಲು ಹಿಡಿದು ನಿಂತಿದ್ದಳು.

ಕೂಗಿದರೆ ಮುಂದಿನ ಪ್ರಶ್ನೆ ಬರುತ್ತದೆ, ಯಾವ ಪೆಟ್ಟಿಗೆ ಎಂದು. ಮನೆಯಲ್ಲಿ ತಿಳಿದದ್ದು ಅವಳು ಔಷಧಿಗಳನ್ನು ಭೂತಗನ್ನಡಿಯಲ್ಲಿ ನೋಡುವ ಕೆಲಸದಲ್ಲಿದ್ದಾಳೆ ಎಂದಷ್ಟೆ. ತಿಳಿದವನು ವಿಮಲನಾಥನೊಬ್ಬ. ವ್ಯಾಪಾರಕ್ಕೆ ಮೈಸೂರಿಗೆ ಬಂದವನು ಹೇಳದೆ ಕೇಳದೆ ಪ್ರಯೋಗಾಲಯದ ಬಾಗಿಲಿಗೆ ಬಂದು ನಿಂತಿದ್ದ. ಅವಳ ಏಪ್ರನ್ನಿನ ಮೇಲೆ ರಕ್ತವಿತ್ತು, ಕೈಯಲ್ಲಿ ತಲೆಯಿಲ್ಲದ ಬಿಳಿ ಮೈ ಇನ್ನೂ ಕಾಲು ಒದರುತ್ತಿತ್ತು. ಅವನು ಬಹಳ ಹೊತ್ತು ನೋಡಿ ನಕ್ಕಿದ್ದ. "ಮನೇಲಿ ಹೇಳಲ್ಲ ಬಿಡು," ಅಂದಿದ್ದ. ಅಂದಿನಿಂದ ಅವಳನ್ನು ಕಂಡಾಗಲೆಲ್ಲ ಅವನ ಮುಖದಲ್ಲಿ ನಂಟಿನ ನಗೆಯೊಂದು ಏಳುತ್ತಿತ್ತು, ಒಂದೇ ಕಸುಬಿನವರ ನಡುವಿನ ನಗೆ.

ಅದೇ ನಗೆಯನ್ನು ಹೊತ್ತು ಅವನು ಬಂದ. ಬಿಳಿ ಪಂಚೆ, ಬಿಳಿ ಶರಟು, ಕೈಯಲ್ಲಿ ಕೊಬ್ಬರಿಯ ಬುಟ್ಟಿ. ಎಣ್ಣೆ ತಿರುಗಿದ ಕೊಬ್ಬರಿಯ ವಾಸನೆ ಪಡಸಾಲೆ ದಾಟಿ ಅಡುಗೆಮನೆಗೆ ಬಂತು. "ಏನ್ ಡಾಕ್ಟ್ರಮ್ಮಾ, ಬೆಂಡೆಕಾಯಿಗೂ ಆಪರೇಷನ್ನಾ?" ಎಂದು ಇಣುಕಿದ. ಅಮ್ಮ ನಕ್ಕಳು. ಅಳಿಯಂದಿರು ತಮಾಷೆ ಮಾಡುತ್ತಾರೆಂದರೆ ಎಲ್ಲ ಸರಿಹೋಯಿತು ಎಂಬ ನಗು. ಕಾಂಚನಳ ಬೆರಳು ಅಲಗಿಗೆ ತಾಗಿ ಸಣ್ಣಗೆ ಕುಯ್ದುಹೋಯಿತು. ಅವಳು ಬೆರಳನ್ನು ಬಾಯಲ್ಲಿಟ್ಟುಕೊಂಡು, ಅಮ್ಮ ಹೇಳಿದ್ದನ್ನು ಮೀರಿ, ಪಡಸಾಲೆಯ ಬಾಗಿಲಿಗೆ ಬಂದು ನಿಂತಳು.

ಅವನು ದೊಡ್ಡಪ್ಪನ ಕಾಲು ಮುಟ್ಟಿದ, ಅಪ್ಪನ ಕಾಲು ಮುಟ್ಟಿದ, ಅಮ್ಮನಿಗೆ ಬಗ್ಗಿ ಕೈಮುಗಿದ. "ತಿಳಿದೋ ತಿಳೀದೆಯೋ ನನ್ನಿಂದ ಏನಾದ್ರೂ ಆಗಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ," ಎಂದಾಗ ಅವನ ಕಣ್ಣು ಒದ್ದೆಯಾಗಿತ್ತು. ಅದು ನಟನೆಯಲ್ಲ ಎಂಬುದು ಕಾಂಚನಳನ್ನು ಇನ್ನಷ್ಟು ಹೆದರಿಸಿತು.

"ಆಯ್ತಲ್ಲ," ಅಂದರು ದೊಡ್ಡಪ್ಪ. "ನಮ್ಮದೂ ತಪ್ಪಿದ್ರೆ ಕ್ಷಮಿಸಿ. ಜಿನಪ್ಪಾ, ಮಗಳ ಟ್ರಂಕು ಕಟ್ಟಿಸು. ಊಟ ಆದ ಕೂಡ್ಲೆ ಬಸ್ಸಿದೆ."

"ಮೂಳೆ ಮುರಿದಿದೆ ದೊಡ್ಡಪ್ಪ," ಎಂದಿತು ಒಂದು ದನಿ. ಅದು ತನ್ನದೇ ಎಂದು ಕಾಂಚನಳಿಗೆ ತಡವಾಗಿ ತಿಳಿಯಿತು.

"ಡಾಕ್ಟ್ರೇ ನೋಡಿದಾರಲ್ಲಮ್ಮ. ಅವಳೇ ನೋವಿಲ್ಲ ಅಂದ್ಲಂತೆ."

"ನೋವಿಲ್ಲ ಅಂದ್ರೆ ಏಟು ಬಿದ್ದಿಲ್ಲ ಅಂತ ಅಲ್ಲ. ಏಟು... ಏಟು ಜಾಸ್ತಿ ಆದ್ರೆ, ತಪ್ಪಿಸ್ಕೊಳ್ಳೋಕೆ ದಾರೀನೇ ಇಲ್ಲ ಅಂತ ಆದ್ರೆ, ಮಿದುಳು ತಾನೇ ಒಂದು ಮದ್ದು ಸುರ್ಕೊಳ್ಳುತ್ತೆ. ಆಮೇಲೆ ನೋವು ಗೊತ್ತಾಗಲ್ಲ. ಅದು ತಾಳ್ಮೆ ಅಲ್ಲ ದೊಡ್ಡಪ್ಪ. ಅವಳು ಕ್ಷಮಿಸಿಲ್ಲ, ಅವಳಿಗೆ ಕ್ಷಮಿಸೋಕೆ ಏನೂ ಉಳಿದಿಲ್ಲ. ನಾವು ನೋಡಿದೀವಿ. ಒಂದು ಇಲಿಗೆ ಚಕ್ರ ತಿರುಗ್ಸಿದ್ರೆ ನಿಲ್ಲುತ್ತೆ, ಇನ್ನೊಂದಕ್ಕೆ..." ತಡವರಿಸಿದರೂ ಹೇಳಿದಳು, ಪೂರ್ತಿ ಹೇಳಿದಳು, ಕಂಬಿ, ಕರೆಂಟು, ದೀಪ. ಅಪ್ಪ ಬಾಯಿ ತೆರೆದು ಕೇಳುತ್ತಿದ್ದ. ಒಂದು ಗಳಿಗೆ ಅವನ ಕಣ್ಣು ಅಕ್ಕನ ಭುಜದ ಕಡೆಗೆ ಹೊರಳಿತು, ಅಲ್ಲೇ ನಿಂತಿತು. ಇನ್ನೊಂದು ಗಳಿಗೆ ಸಿಕ್ಕಿದ್ದರೆ ಅವನು ಏನನ್ನಾದರೂ ಕಾಣುತ್ತಿದ್ದ.

"ಆಮೇಲೆ ಆ ಇಲಿ ಏನಾಯ್ತು ಕಾಂಚನಾ?" ಅಂದ ವಿಮಲನಾಥ, ಮಗುವಿನ ಹತ್ತಿರ ಕಥೆ ಕೇಳುವವನ ಹಾಗೆ. "ಹೇಳು. ದೊಡ್ಡೋರು ಕೇಳ್ತಿದಾರೆ."

ಅವಳು ಕುಯ್ದ ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡಳು.

"ನಾನೇ ಹೇಳ್ಲಾ? ಹೋಗಿ ನೋಡಿದೀನಿ ಮಾವ. ಒಂದು ಕತ್ತರಿ ಇದೆ, ಇಷ್ಟು ದೊಡ್ಡದು. ಕತ್ತು ಇಡ್ತಾಳೆ, ಒತ್ತತಾಳೆ. ತಲೆ ಆ ಕಡೆ, ಮೈ ಈ ಕಡೆ. ಆಮೇಲೆ ಬುರುಡೆ ಒಡೆದು ಮಿದುಳು ತೆಗ್ದು ಮಂಜುಗಡ್ಡೆ ಮೇಲಿಟ್ಟು ಹೋಳು ಮಾಡ್ತಾಳೆ. ಅಲ್ವೇನೇ? ಸುಳ್ಳಾ?"

ಸುಳ್ಳಲ್ಲ. ಅವನು ಹೇಳದೆ ಬಿಟ್ಟದ್ದು ಅದಕ್ಕಿಂತ ಹೆಚ್ಚಿತ್ತು. ಇಲಿ ಹೆದರಬಾರದೆಂದು, ಹೆದರಿದರೆ ಅಳತೆ ಕೆಡುತ್ತದೆಂದು, ಅವಳು ವಾರಗಟ್ಟಲೆ ಪ್ರತಿಯೊಂದನ್ನೂ ಅಂಗೈಯಲ್ಲಿಟ್ಟು ನೇವರಿಸುತ್ತಿದ್ದಳು. ಅವು ಅವಳ ತೋಳಸಂದಿಯಲ್ಲಿ ಮೂಗು ತೂರಿಸಿ ನಿದ್ದೆ ಹೋಗುತ್ತಿದ್ದವು. ಅದೇ ಅಂಗೈ ಅವನ್ನು ಅಲಗಿಗೆ ಒಯ್ಯುತ್ತಿತ್ತು, ನಂಬಿಕೆ ಇನ್ನೂ ಬಿಸಿಯಾಗಿರುವಾಗಲೇ. ಟಕ್ ಎಂಬ ಸದ್ದು ಮೊಣಕೈವರೆಗೂ ಏರುತ್ತಿತ್ತು. ನೋವನ್ನು ಮಲಗಿಸುವ ಆ ತುಣುಕು ಮಿದುಳಿನ ಒಳಗಂಟುಗಳಲ್ಲಿ ಹೇರಳ, ಮಿದುಳುಕಾಂಡದ ನಡುವಿನ ಬೂದು ಭಾಗದಲ್ಲಿ ಸಾಕಷ್ಟು, ಕಿರುಮಿದುಳಿನಲ್ಲಿ ಹೆಸರಿಗಷ್ಟೆ ಎಂದು ಗೊತ್ತಾಗಬೇಕಾದರೆ ಎಲ್ಲ ಭಾಗಗಳೂ ಬೇಕಾಗಿದ್ದವು, ಆದ್ದರಿಂದ ಎಲ್ಲ ತಲೆಗಳೂ.

ಅಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ಹಿತ್ತಲಿಗೆ ಓಡಿದಳು. ವಾಂತಿಯ ಸದ್ದು ಕೇಳಿಸಿತು. ಅಪ್ಪ ಗೋಡೆ ಹಿಡಿದುಕೊಂಡ. "ನಮ್ಮನೆ ಮಗಳು," ಅಂದ. "ಪಂಚೇಂದ್ರಿಯ ಜೀವ. ನಮ್ಮನೆ ಮಗಳು. ಈ ಕೈಯಲ್ಲೇ ನಮಗೆ ಬಡಿಸ್ತಿದ್ಯೇನೇ?" ಅವನ ಅಳುವನ್ನು ಕಾಂಚನ ಮೊದಲ ಸಲ ನೋಡಿದಳು. ಅಕ್ಕ ಬಾಗಿಲಲ್ಲಿ ನಿಂತು ಹುರಿ, ದಂಡ ಎಂದಾಗ ಬಾರದ ಅಳು ಈಗ ಬಂದಿತ್ತು, ಇಲಿಗಳಿಗಾಗಿ. ಅದು ನಿಜವಾದ ಅಳುವೇ ಆಗಿತ್ತು. ದೊಡ್ಡಪ್ಪ ಪ್ರಾಯಶ್ಚಿತ್ತದ ಮಾತು ತೆಗೆದರು. ಎಷ್ಟು ಉಪವಾಸ, ಯಾವ ಮುನಿಗಳು ಈಗ ಎಲ್ಲಿದ್ದಾರೆ, ಕೆಲಸ ಇವತ್ತೇ ಬಿಡಬೇಕು. ಮುರಿದ ಮೂಳೆ ಎಲ್ಲಿಯೋ ಹೋಯಿತು. ಅಪ್ಪನ ಕಣ್ಣು ಅಕ್ಕನ ಭುಜವನ್ನು ಬಿಟ್ಟು ಕಾಂಚನಳ ಕೈಗೆ ಬಂದು ನೆಟ್ಟಿತ್ತು, ಬೆರಳಿನಿಂದ ಸಣ್ಣಗೆ ರಕ್ತ ಒಸರುತ್ತಿದ್ದ ಕೈಗೆ.

"ಹೋಗ್ಲಿ ಬಿಡಿ ಮಾವ, ಚಿಕ್ಕೋಳು," ಅಂದ ವಿಮಲನಾಥ. "ಇವತ್ತು ಕ್ಷಮಿಸೋ ದಿನ. ಅವಳನ್ನೂ ಕ್ಷಮಿಸಿಬಿಡೋಣ."

ಕ್ಷಮಿಸಿದರು. ದೊಡ್ಡಪ್ಪ ಅವಳ ತಲೆಯ ಮೇಲೆ ಕೈಯೆತ್ತಿದರು, ಅಪ್ಪ ಮುಖ ತಿರುಗಿಸಿಕೊಂಡೇ ತಲೆಯಾಡಿಸಿದ. ವಿಮಲನಾಥನಿಗೂ ಅವಳಿಗೂ ಒಂದೇ ಕ್ಷಮೆ ಸಿಕ್ಕಿತು, ಒಂದೇ ಹಲಗೆಯ ಮೇಲೆ ಕೂತವರ ಹಾಗೆ. ಒಳಗಿನಿಂದ ಟ್ರಂಕು ಬಂತು. ಅಕ್ಕ ಸೆರಗು ಸರಿಮಾಡಿಕೊಂಡು ಪಡಸಾಲೆಗೆ ಬಂದು ನಿಂತಳು. ಗಂಡ ಎದುರಿಗೆ ಬಂದು ಕೈಮುಗಿದ. ಅವಳು ಬಲಗೈ ಏಳದ್ದರಿಂದ ಎಡಗೈಯೊಂದನ್ನೇ ಎದೆಗಿಟ್ಟುಕೊಂಡು, "ಕ್ಷಮಿಸಿದೆ, ನನ್ನನ್ನೂ ಕ್ಷಮಿಸಿ," ಅಂದಳು.

ಉಳಿದವಳು ಕಾಂಚನ. ಅವನು ಅವಳ ಮುಂದೆ ಬಂದ, ಕೈಮುಗಿದ, ನಂಟಿನ ಆ ನಗೆ ನಕ್ಕ. ಎಲ್ಲರೂ ಕಾದರು. ಅವಳು ಕ್ಷಮಿಸಿದೆ ಎಂಬ ಮಾತನ್ನು ಬಾಯಲ್ಲಿ ರೂಪಿಸಿಯೂ ಬಿಟ್ಟಿದ್ದಳು. ಇಪ್ಪತ್ತಮೂರು ವರ್ಷ ಹೇಳಿದ ನಾಲಗೆ ಅದು. ತಾನು ಮಾಡಿದ್ದು ಹಿಂಸೆಯೇ, ಅದಕ್ಕೆ ತನಗೆ ಯಾರ ಕ್ಷಮೆಯೂ ಬೇಕಿಲ್ಲ, ತಾನದನ್ನು ಹೊತ್ತುಕೊಳ್ಳುತ್ತೇನೆ ಎಂದು ಅನ್ನಿಸಿತು. ಹಾಗೆ ಅನ್ನಿಸಿದ್ದೇ ಬಾಯಿ ಹಗುರಾಯಿತು.

"ಇಲ್ಲ," ಅಂದಳು.

"ಏನಂದೆ?"

"ನಾನು ಕ್ಷಮಿಸಲ್ಲ ಭಾವ."

ದೊಡ್ಡಪ್ಪ ಹತ್ತಿರ ಬಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಗಾಬರಿಯಿತ್ತು. "ಹಂಗನ್ನಬಾರ್ದು ಮಗಾ. ವರ್ಷ ದಾಟಿಸಿದ ಕೋಪ ಜನ್ಮ ಜನ್ಮಕ್ಕೂ ಅಂಟುತ್ತೆ. ನರಕ ಅದು. ಬಾಯ್ಮಾತಿಗಾದ್ರೂ ಹೇಳಿಬಿಡು."

"ಅಂಟಲಿ ದೊಡ್ಡಪ್ಪ. ಕ್ಷಮಿಸಲ್ಲ. ಕೈ ಕಟ್ಟಿ ಹೊಡ್ದಿದಾರೆ. ಮಧ್ಯೆ ಎದ್ದುಹೋಗಿ ಕಾಫಿ ಕುಡ್ಕೊಂಡು ಬಂದು ಮತ್ತೆ ಹೊಡ್ದಿದಾರೆ. ಕ್ಷಮಿಸಲ್ಲ, ಕ್ಷಮಿಸಲ್ಲ..."

ಹೊಡೆತ ಎಲ್ಲಿಂದ ಬಂತೆಂದು ಅವಳಿಗೆ ಕಾಣಲಿಲ್ಲ. ಕಿವಿಯೊಳಗೆ ಏನೋ ಒಡೆಯಿತು, ಹೊಸ್ತಿಲು ಮೇಲಕ್ಕೆ ಬಂದು ಹಲ್ಲಿಗೆ ಬಡಿಯಿತು, ಬಾಯಿ ಉಪ್ಪಾಯಿತು. ಜಡೆ ಹಿಡಿದು ವಿಮಲನಾಥ ಅವಳನ್ನು ಮೇಲೆತ್ತಿದ, ಮತ್ತೆ ಹೊಡೆದ. ಅವನ ಮುಖದಲ್ಲಿ ಈಗ ನಗೆಯಿರಲಿಲ್ಲ, ಕೋಪವೂ ಇರಲಿಲ್ಲ, ಒಂದು ದುಡಿಮೆಯ ಶ್ರದ್ಧೆಯಿತ್ತು. ಅವಳು ಕಿರುಚಿದಳು. ಜೀವಮಾನದಲ್ಲಿ ಎಂದೂ ದನಿಯೆತ್ತದವಳು ಬೀದಿಗೆ ಕೇಳಿಸುವ ಹಾಗೆ, ಮರ್ಯಾದೆಯಿಲ್ಲದೆ, ಅಯ್ಯಯ್ಯೋ ನೋವು, ಬಿಡ್ರೋ, ಅಮ್ಮಾ ನೋವು ಎಂದು ಕಿರುಚಿದಳು. ಅಪ್ಪ "ಅಳಿಯಂದಿರೇ, ಅಳಿಯಂದಿರೇ" ಎನ್ನುತ್ತ ಅವನ ತೋಳಿಗೆ ಜೋತುಬಿದ್ದ. ಆ ಗೌರವದ ಮಾತನ್ನು ಬಿಡಲು ಆಗಲೂ ಅಪ್ಪನಿಗೆ ಬಾಯಿ ಬರಲಿಲ್ಲ.

ಅಕ್ಕ ನೋಡುತ್ತಿದ್ದಳು. ಇಷ್ಟು ವರ್ಷ ಅವಳು ಹೊಡೆತದ ಒಳಗಿದ್ದಳು, ಹೊರಗೆ ನಿಂತು ನೋಡಿರಲಿಲ್ಲ. ಕೈ ಹೇಗೆ ಹಿಂದಕ್ಕೆ ಹೋಗುತ್ತದೆ, ಮುಖ ಹೇಗೆ ಪಕ್ಕಕ್ಕೆ ತಿರುಗುತ್ತದೆ, ರಕ್ತ ಮೊದಲು ಹಲ್ಲಿನ ಸಂದಿಯಲ್ಲಿ ಕಂಡು ಆಮೇಲೆ ತುಟಿಗೆ ಬರುತ್ತದೆ. ಅವಳು ಎರಡು ಹೆಜ್ಜೆ ಇಟ್ಟು ತಂಗಿಯ ಮುಂದೆ ಕುಕ್ಕರಿಸಿದಳು.

"ನೋವಾಯ್ತೇನೇ?" ಅಂದಳು. ನಿಜಕ್ಕೂ ಗೊತ್ತಿಲ್ಲದೆ ಕೇಳುವವಳ ಹಾಗೆ ಕೇಳಿದಳು.

"ಹೂಂ ಅಕ್ಕಾ. ತುಂಬಾ. ತುಂಬಾ ನೋವಾಗ್ತಿದೆ."

ಅಕ್ಕನ ಕೆಳದುಟಿ ನಡುಗಲು ಶುರುವಾಯಿತು. ಆಮೇಲೆ ಗಲ್ಲ, ಆಮೇಲೆ ಇಡೀ ಮೈ. ಒಳಗಿನಿಂದ ಏನೋ ತಳ್ಳಿಕೊಂಡು ಬಂತು. ಅದು ಅಳುವಾಗಿರಲಿಲ್ಲ, ಮಾತಾಗಿರಲಿಲ್ಲ, ಉಸಿರು ತೀರಿದರೂ ನಿಲ್ಲದ ಒಂದು ಊಳು. ಬೀದಿಯಲ್ಲಿ ಹೋಗುತ್ತಿದ್ದವರು ಜಗಲಿಯ ಮುಂದೆ ನಿಂತರು. ಹಿತ್ತಲಿಂದ ಓಡಿಬಂದ ಅಮ್ಮ "ಸುಮ್ನಿರೇ, ಜನ ನೋಡ್ತಿದಾರೆ, ಸುಮ್ನಿರೇ ರಾಜಿ," ಎಂದು ಅಂಗೈಯಿಂದ ಅವಳ ಬಾಯಿ ಒತ್ತಿದಳು. ಕಾಂಚನ ಆ ಕೈಯನ್ನು ಹಿಡಿದು ಕಿತ್ತಳು. ಊಳು ಮತ್ತೆ ಹೊರಬಿತ್ತು. ವಿಮಲನಾಥ ಬಾಗಿಲಿನ ಜನರನ್ನು ನೋಡಿದ, ತನ್ನ ಶರಟಿನ ತೋಳಿನ ಮೇಲಿನ ಕಲೆ ನೋಡಿದ. "ನಡಿಯೇ, ಬಸ್ಸಿಗೆ ಹೊತ್ತಾಯ್ತು," ಎಂದು ಹೆಂಡತಿಯ ಕಡೆ ಒಂದು ಹೆಜ್ಜೆ ಇಟ್ಟ. ಅವಳು ನೆಲ ಕೆರೆಯುತ್ತ ಗೋಡೆಯ ಮೂಲೆಗೆ ಸರಿದಳು, ಹಲ್ಲು ಕಾಣಿಸಿದಳು. ಅವನು ಇಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆದ. ಯಾರೂ ಅವನನ್ನು ಹೋಗೆನ್ನಲಿಲ್ಲ, ಇರೆನ್ನಲೂ ಇಲ್ಲ. ದೊಡ್ಡಪ್ಪ ಟ್ರಂಕಿನ ಮೇಲೆ ಕುಸಿದು ಕೂತರು. ಜನ ದಾರಿ ಬಿಟ್ಟರು, ಬಿಳಿ ಪಂಚೆ ಬಸ್‌ಸ್ಟ್ಯಾಂಡಿನ ಕಡೆಗೆ ಸಣ್ಣದಾಗುತ್ತ ಹೋಯಿತು.

ಕಾಂಚನ ಮೂಲೆಗೆ ತೆವಳಿದಳು. ಅಕ್ಕನ ಮೈ ಜ್ವರ ಬಂದಂತೆ ಕುದಿಯುತ್ತಿತ್ತು, ಕತ್ತಿನ ಬುಡದ ಗಂಟು ಉಸಿರಿಗೊಮ್ಮೆ ಏರಿಳಿಯುತ್ತಿತ್ತು. ಇದನ್ನು ತಾನೇ ತಂದೆ, ಇದು ಒಳ್ಳೆಯದೋ ಕೆಟ್ಟದ್ದೋ ತನಗೆ ತಿಳಿಯದು ಎಂದುಕೊಳ್ಳುತ್ತ, ತಬ್ಬಿಕೊಳ್ಳಲು ಕೈ ಚಾಚಿದಳು. ಬೆರಳ ತುದಿ ಭುಜಕ್ಕೆ ತಾಗಿತೋ ಇಲ್ಲವೋ, ಅಕ್ಕ ಚಿಟ್ಟನೆ ಚೀರಿ ಮೈ ಎಳೆದುಕೊಂಡಳು.

"ಮುಟ್ಬೇಡ ಕಣೇ," ಅಂದಳು. "ಮುಟ್ಬೇಡ, ನೋಯುತ್ತೆ."